ಫ್ಯಾನಿಲ್ಲದ ಹಳೇ ಲ್ಯಾಪ್‌ಟಾಪ್, 2 ಜಿಬಿ ರ‍್ಯಾಮ್: ಮೊದಲು ರ‍್ಯಾಮೋ, ಎಸ್‌ಎಸ್‌ಡಿಯೋ?

ಮೌನಯಂತ್ರ:

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

2015ರಲ್ಲಿ ಕೊಂಡ ಲ್ಯಾಪ್‌ಟಾಪ್. ಇಂಟೆಲ್ ಸೆಲೆರಾನ್ ಎನ್2840 ಪ್ರೊಸೆಸರ್, 2 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. "ಅದನ್ನ ಬಿಸಾಕಿ ಹೊಸದು ತಗೋ" ಅಂತ ಮನೆಯಲ್ಲಿ ಎಲ್ಲರೂ ಒಂದೊಂದು ಸಲ ಹೇಳಿ ಮುಗಿಸಿದ್ದಾರೆ. ದಯವಿಟ್ಟು ಇಲ್ಲೂ ಅದನ್ನೇ ಹೇಳಬೇಡಿ. ಇದರಲ್ಲಿ ಫ್ಯಾನೇ ಇಲ್ಲ, ನನಗೆ ಬೇಕಾಗಿರುವುದೂ ಅದೇ. ನಾನು ಲೆಕ್ಕಪತ್ರ ಬರೆಯುವವಳು. ಮಗು ಮಲಗಿದ ಮೇಲೆ ಅದೇ ಕೋಣೆಯಲ್ಲಿ ಕೂತು ಕೆಲಸ ಮಾಡಬೇಕು. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಹತ್ತು ನಿಮಿಷಕ್ಕೊಮ್ಮೆ ಮಿಕ್ಸಿಯ ಹಾಗೆ ಸದ್ದು ಮಾಡುತ್ತದೆ, ಮಗು ಎದ್ದು ಕೂರುತ್ತದೆ. ಇನ್ನೊಂದು ಕಾರಣ, ಹಳೆಯದರ ಕೀಬೋರ್ಡ್‌ಗೆ ಬೆರಳು ಒಗ್ಗಿಹೋಗಿದೆ.

ಆದರೆ ಅದರ ನಿಧಾನ ಈಗ ತಡೆಯಲಾಗದ ಮಟ್ಟಕ್ಕೆ ಬಂದಿದೆ. ಲೆಕ್ಕದ ಚಟ ಇರುವುದರಿಂದ ಗಡಿಯಾರ ಇಟ್ಟುಕೊಂಡು ಬರೆದಿಟ್ಟಿದ್ದೇನೆ. ಗುಂಡಿ ಒತ್ತಿದ ಮೇಲೆ ಪಾಸ್‌ವರ್ಡ್ ಕೇಳುವುದಕ್ಕೆ 2 ನಿಮಿಷ 20 ಸೆಕೆಂಡ್. ಬ್ರೌಸರ್ ತೆರೆದು ಮೊದಲ ಪುಟ ಕಾಣುವ ಹೊತ್ತಿಗೆ ಒಟ್ಟು 6 ನಿಮಿಷ 40 ಸೆಕೆಂಡ್. ಮೂರನೇ ಟ್ಯಾಬ್ ತೆರೆದರೆ ಮೌಸಿನ ಬಾಣ ಇದ್ದಲ್ಲೇ ನಿಲ್ಲುತ್ತದೆ. ಟಾಸ್ಕ್ ಮ್ಯಾನೇಜರ್ ನೋಡಿದರೆ ಡಿಸ್ಕ್ ಸದಾ 100%, ಪ್ರೊಸೆಸರ್ ಮಾತ್ರ 30% ಆಸುಪಾಸು.

ರ‍್ಯಾಮ್ ಹೆಚ್ಚಿಸಿದರೆ ಸಾಕೆ, ಎಸ್‌ಎಸ್‌ಡಿಯನ್ನೂ ಹಾಕಬೇಕೆ? ಒಂದೇ ಆಗುವುದಾದರೆ ಯಾವುದು? ಸತ್ತುಹೋದ ಇನ್ನೊಂದು ಹಳೇ ಲ್ಯಾಪ್‌ಟಾಪಿನಲ್ಲಿ 4 ಜಿಬಿ ರ‍್ಯಾಮ್ ಇದೆ, ನೋಡುವುದಕ್ಕೆ ಎರಡೂ ಒಂದೇ ಥರ ಇವೆ. ಅದನ್ನು ತೆಗೆದು ಇದಕ್ಕೆ ಹಾಕಬಹುದೆ?


ಹಳೇಹುಲಿ:

ಹೇಳಬೇಡಿ ಅಂದಿದ್ದೀರಿ, ಆದರೂ ಹೇಳುತ್ತೇನೆ. ಎನ್2840 ಅಂದರೆ ಎರಡೇ ಕೋರ್, 7.5 ವ್ಯಾಟಿನ ಪುಟ್ಟ ಪ್ರೊಸೆಸರ್, ಅದೂ 2014ರದ್ದು. ಮದರ್‌ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ, ಬದಲಾಯಿಸುವ ಮಾತೇ ಇಲ್ಲ. ಬಡಕಲು ಎತ್ತಿಗೆ ಹೊಸ ಗಾಡಿ ಕಟ್ಟಿದರೆ ಎತ್ತಿನ ವಯಸ್ಸು ಕಮ್ಮಿಯಾಗುವುದಿಲ್ಲ. ಹಾಕಲೇಬೇಕು ಅಂತಿದ್ದರೆ ಎಸ್‌ಎಸ್‌ಡಿ ಒಂದನ್ನು ಹಾಕಿ ಕೈತೊಳೆದುಕೊಳ್ಳಿ. ನಾಳೆ ಈ ಲ್ಯಾಪ್‌ಟಾಪ್ ಸತ್ತರೂ ಎಸ್‌ಎಸ್‌ಡಿ ಬೇರೆ ಕಡೆ ಕೆಲಸಕ್ಕೆ ಬರುತ್ತದೆ. ಆ ಕಾಲದ ರ‍್ಯಾಮ್ ಬರುವುದಿಲ್ಲ.


ತಿರುಪುಮೊಳೆ:

ಮೇಡಂ, ಉತ್ತರದ ಅರ್ಧಭಾಗ ನಿಮ್ಮ ಪ್ರಶ್ನೆಯಲ್ಲೇ ಇದೆ. ಡಿಸ್ಕ್ 100%, ಪ್ರೊಸೆಸರ್ 30% ಅಂದರೆ ಪ್ರೊಸೆಸರ್ ಸುಸ್ತಾಗಿಲ್ಲ, ಡಿಸ್ಕ್ ಯಾವಾಗ ಕೊಡುತ್ತದೋ ಅಂತ ಬಾಯಿಬಿಟ್ಟುಕೊಂಡು ಕೂತಿದೆ. ಹುಲಿಯವರ ಎತ್ತು ಈಗಿನ್ನೂ ಮೇವಿಗೆ ಕಾಯುತ್ತಿದೆ, ಅದರ ಶಕ್ತಿಯ ಮಾತು ಆಮೇಲೆ ಆಡೋಣ.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಹೆಡ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದಕ್ಕೆ ಇನ್ನೊಂದು 12 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ಒಟ್ಟು 17. ಅಂದರೆ ಚದುರಿದ ಜಾಗಗಳಿಂದ ಓದಬೇಕಾದರೆ ಸೆಕೆಂಡಿಗೆ 60 ಸಲಕ್ಕಿಂತ ಹೆಚ್ಚು ಆಗುವುದಿಲ್ಲ. ಒಂದೊಂದು ಸಲಕ್ಕೆ 4 ಕೆಬಿ ಸಿಕ್ಕಿದರೆ ಸೆಕೆಂಡಿಗೆ 240 ಕೆಬಿ. ಲೆಕ್ಕ ನಿಮಗೇ ಗೊತ್ತು! ಒಂದು ದೊಡ್ಡ ವಿಡಿಯೊ ಫೈಲನ್ನು ಸಾಲಾಗಿ ಓದುವಾಗ ಇದೇ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಡಬಲ್ಲದು. ಆದರೆ ಬೂಟ್ ಆಗುವಾಗ, ಬ್ರೌಸರ್ ತೆರೆಯುವಾಗ ಬೇಕಾಗುವುದೆಲ್ಲ ಸಾವಿರಾರು ಚಿಲ್ಲರೆ ಫೈಲು. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಒಂದು ಓದಿಗೆ 0.1 ಮಿಲಿಸೆಕೆಂಡಿನ ಆಸುಪಾಸು.

ಇನ್ನು ರ‍್ಯಾಮ್. 2 ಜಿಬಿಯಲ್ಲಿ ಒಂದು ಪಾಲನ್ನು ಒಳಗಿನ ಗ್ರಾಫಿಕ್ಸ್ ತೆಗೆದುಕೊಳ್ಳುತ್ತದೆ, ವಿಂಡೋಸ್ ಒಂದು ಜಿಬಿಯಷ್ಟು ನುಂಗುತ್ತದೆ, ಉಳಿದದ್ದು ಎರಡು ಟ್ಯಾಬಿಗೆ ಮುಗಿಯುತ್ತದೆ. ಮೂರನೇ ಟ್ಯಾಬಿಗೆ ಜಾಗ ಮಾಡಲು ಹಳೆಯದನ್ನು ಡಿಸ್ಕಿನ ಪೇಜ್ ಫೈಲಿಗೆ ಎತ್ತಿಡಬೇಕು. ಯಾವ ಡಿಸ್ಕಿಗೆ? ಆ ಸೆಕೆಂಡಿಗೆ 60 ಸಲದ ಡಿಸ್ಕಿಗೆ. ನಿಮ್ಮ ಮೌಸ್ ನಿಲ್ಲುವುದು ಅಲ್ಲಿ. ಹಾಗಾಗಿ ರ‍್ಯಾಮ್ ಕೊರತೆ, ಡಿಸ್ಕಿನ ನಿಧಾನ ಎರಡನ್ನೂ ಬೇರೆ ಬೇರೆ ಕಾಯಿಲೆ ಅಂದುಕೊಳ್ಳಬೇಡಿ, ಒಂದು ಇನ್ನೊಂದರ ತಲೆ ಮೇಲೆ ಬೀಳುತ್ತಿದೆ. ಒಂದೇ ಆಗುವುದಾದರೆ ಎಸ್‌ಎಸ್‌ಡಿ. ಆದರೆ 2 ಜಿಬಿಯಲ್ಲೇ ನಿಂತರೆ ಪೇಜ್ ಫೈಲಿನ ಓಡಾಟವೆಲ್ಲ ಎಸ್‌ಎಸ್‌ಡಿ ಮೇಲೆ ಬೀಳುತ್ತದೆ, ಅದರ ಬರಹದ ಆಯಸ್ಸು ಸುಮ್ಮನೆ ಕರಗುತ್ತದೆ. ಆದ್ದರಿಂದ ಎರಡನ್ನೂ ಹಾಕಿ.

ಕೊಳ್ಳುವ ಮೊದಲು ಬಿಚ್ಚಿ ನೋಡಿ. ಒಂದೇ ಮಾದರಿ ಹೆಸರಿನ ಲ್ಯಾಪ್‌ಟಾಪುಗಳಲ್ಲೇ ಒಂದರಲ್ಲಿ ರ‍್ಯಾಮ್ ಸ್ಲಾಟ್ ಇರುತ್ತದೆ, ಇನ್ನೊಂದರಲ್ಲಿ ಬೋರ್ಡಿಗೇ ಬೆಸೆದಿರುತ್ತದೆ. ಅಂತರ್ಜಾಲದ ಪಟ್ಟಿ ನಂಬಿ ಕೊಂಡು ಕೈಸುಟ್ಟುಕೊಂಡವರನ್ನು ಕಂಡಿದ್ದೇನೆ, ಅವರಲ್ಲಿ ನಾನೂ ಒಬ್ಬ.

ಸತ್ತ ಲ್ಯಾಪ್‌ಟಾಪಿನ ರ‍್ಯಾಮ್ ವಿಷಯ. ಅದರ ಮೇಲಿನ ಚೀಟಿ ಓದಿ. ಎನ್2840ಗೆ ಬೇಕಾದದ್ದು ಡಿಡಿಆರ್3ಎಲ್, ಚೀಟಿಯಲ್ಲಿ 'ಪಿಸಿ3ಎಲ್' ಅಂತ ಇರಬೇಕು. ಆ 'ಎಲ್' ಇಲ್ಲದೆ ಬರೀ 'ಪಿಸಿ3' ಇದ್ದರೆ ಅದು 1.5 ವೋಲ್ಟಿನದ್ದು. ನಿಮ್ಮ ಬೋರ್ಡ್ ಕೊಡುವುದು 1.35 ವೋಲ್ಟ್. ಎರಡಕ್ಕೂ 204 ಪಿನ್ನು, ಅಂಚಿನಲ್ಲಿ ಕಚ್ಚು ಕೊರೆದ ಜಾಗವೂ ಒಂದೇ, ಸ್ಲಾಟಿಗೆ ಸಲೀಸಾಗಿ ಕೂರುತ್ತದೆ, ಲ್ಯಾಪ್‌ಟಾಪ್ ಮಾತ್ರ ಏಳುವುದಿಲ್ಲ. ಉಲ್ಟಾ ಆದರೆ ತೊಂದರೆ ಇಲ್ಲ: ಡಿಡಿಆರ್3ಎಲ್ 1.5 ವೋಲ್ಟಿನಲ್ಲೂ ನಡೆಯುತ್ತದೆ. ವೇಗ 1600 ಅಂತಿದ್ದರೂ ಹಾಕಬಹುದು, ಈ ಪ್ರೊಸೆಸರಿನಲ್ಲಿ 1333ಕ್ಕೆ ಇಳಿದು ಓಡುತ್ತದೆ.

ಎಷ್ಟು ಹಾಕಬಹುದು? ಇಂಟೆಲ್ ಪ್ರಕಾರ ಈ ಪ್ರೊಸೆಸರಿನ ಮಿತಿ 8 ಜಿಬಿ. ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ 4 ಅಂತ ಬರೆದಿರಬಹುದು. ಎಷ್ಟೋ ಸಲ ಅದು ತಯಾರಕರು ಪರೀಕ್ಷೆ ಮಾಡಿ ನೋಡಿದ ಮಿತಿ ಮಾತ್ರ. 4 ಜಿಬಿ ಖಂಡಿತ ಹಿಡಿಯುತ್ತದೆ. 8 ಹಾಕುವುದಾದರೆ ಎರಡೂ ಬದಿಗೆ ಸೇರಿ 16 ಚಿಪ್ ಇರುವುದನ್ನು ಆರಿಸಿ. 8 ಚಿಪ್ಪಿನಲ್ಲೇ 8 ಜಿಬಿ ತುಂಬಿದ್ದರೆ ಒಂದೊಂದು ಚಿಪ್ಪಿನ ಸಾಂದ್ರತೆ ಎರಡು ಪಟ್ಟು, ಹಳೇ ಕಂಟ್ರೋಲರುಗಳು ಅದನ್ನು ಗುರುತಿಸದೆ ಇರಬಹುದು. ಕೆಲಸ ಮಾಡದಿದ್ದರೆ ವಾಪಸ್ ತಗೊಳ್ಳುವವರ ಹತ್ತಿರವೇ ಕೊಳ್ಳಿ.

ಎಸ್‌ಎಸ್‌ಡಿಗೆ ತಲೆ ಕೆಡಿಸಿಕೊಳ್ಳಬೇಡಿ. 2.5 ಇಂಚು, 7 ಮಿಲಿಮೀಟರ್ ದಪ್ಪ, ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಬಗೆ). ನಿಮ್ಮ ಬೋರ್ಡಿನ ಸಾಟಾ ಸೆಕೆಂಡಿಗೆ 3 ಗಿಗಾಬಿಟ್ಟಿನದ್ದು, ಕೈಗೆ ಬರುವುದು 270 ಎಂಬಿ ಇರಬಹುದು. ಪೆಟ್ಟಿಗೆ ಮೇಲೆ 550 ಅಂತ ಬರೆದದ್ದನ್ನು ನೋಡಿ ದುಬಾರಿಯದ್ದು ಕೊಳ್ಳುವ ಅಗತ್ಯವಿಲ್ಲ. ಚಿಲ್ಲರೆ ಫೈಲಿನ ಕೆಲಸ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

ಈಗ ಎರಡು ಮನೆಗೆಲಸ. ಒಂದು, ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ನೋಡಿ ಹೇಳಿ. ಎರಡು, ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿ ಹಾರ್ಡ್ ಡಿಸ್ಕಿನ ಆರೋಗ್ಯ ನೋಡಿ, 05 (ಕೆಟ್ಟು ಬದಲಾಯಿಸಿದ ಜಾಗಗಳು) ಮತ್ತು ಸಿ5 (ಓದಲಾಗದೆ ಅನುಮಾನದಲ್ಲಿರುವ ಜಾಗಗಳು) ಸಾಲುಗಳಲ್ಲಿ ಏನಿದೆ ಅಂತ ಬರೆಯಿರಿ. 2 ನಿಮಿಷ 20 ಸೆಕೆಂಡ್ ಬರೀ ಪಾಸ್‌ವರ್ಡಿಗೆ ಅಂದರೆ ನನಗ್ಯಾಕೋ ಅನುಮಾನ.


ಮೌನಯಂತ್ರ:

ಸರ್, ನಿಮ್ಮ ಉತ್ತರ ಓದಿ ತಲೆ ತಗ್ಗಿಸಿದೆ. ತಡೆಯಲಾರದೆ ನಿನ್ನೆ ರಾತ್ರಿಯೇ ಆ 4 ಜಿಬಿ ಹಾಕಿ ನೋಡಿದ್ದೆ. ಪರದೆ ಕಪ್ಪು, ದೀಪ ಹತ್ತುವುದು ಆರುವುದು. ಲ್ಯಾಪ್‌ಟಾಪನ್ನು ನಾನೇ ಕೊಂದೆ ಅಂದುಕೊಂಡು ಒಂದು ಗಂಟೆ ಸುಮ್ಮನೆ ಕೂತಿದ್ದೆ. ಆಮೇಲೆ ಹಳೇ 2 ಜಿಬಿಯನ್ನೇ ಹಾಕಿದರೆ ಏನೂ ಆಗಿಲ್ಲವೆಂಬಂತೆ ಎದ್ದಿತು. ಈಗ ಚೀಟಿ ನೋಡಿದೆ: 'ಪಿಸಿ3-10600', 'ಎಲ್' ಇಲ್ಲ. ಒಂದು ಅಕ್ಷರ!

ಬಿಚ್ಚುವಾಗ ಹತ್ತು ಸ್ಕ್ರೂ ಬಂದವು, ಆದರೂ ತಳ ಏಳಲಿಲ್ಲ. ಹನ್ನೊಂದನೆಯದು ಹಿಂದಿನ ರಬ್ಬರ್ ಕಾಲಿನ ಕೆಳಗಿತ್ತು. ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಟೇಪ್ ಹಾಕಿ ಅಂಟಿಸಿದ್ದೆ. ಒಳಗೆ ಒಂದೇ ರ‍್ಯಾಮ್ ಸ್ಲಾಟ್, ಬೆಸೆದದ್ದಲ್ಲ. ಹಾರ್ಡ್ ಡಿಸ್ಕ್ 7 ಮಿಲಿಮೀಟರಿನದ್ದೇ.

ವಿಂಡೋಸ್ 32 ಬಿಟ್. ಕೊಂಡಾಗ ಏನಿತ್ತೋ ನೆನಪಿಲ್ಲ, ನಡುವೆ ಒಮ್ಮೆ ರಿಪೇರಿಗೆ ಕೊಟ್ಟಾಗ "2 ಜಿಬಿಗೆ 32 ಸಾಕು" ಅಂತ ಹಾಕಿಕೊಟ್ಟಿದ್ದರು.

05ರ ಮುಂದೆ ಎಲ್ಲ ಸೊನ್ನೆ. ಸಿ5ರ ಮುಂದೆ ಉದ್ದಕ್ಕೆ ಸೊನ್ನೆಗಳು, ಕೊನೆಯಲ್ಲಿ 18. ಹಳದಿ ಬಣ್ಣದಲ್ಲಿ ಎಚ್ಚರಿಕೆ ಇದೆ. 18 ಅಂದರೆ ಜಾಸ್ತಿಯೇ?


ತಿರುಪುಮೊಳೆ:

ಅದು 18 ಅಲ್ಲ, 24. ಆ ತಂತ್ರಾಂಶ ಆ ಸಂಖ್ಯೆಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ: ಒಂದು ಹದಿನಾರು, ಮೇಲೆ ಎಂಟು. ಲೆಕ್ಕಪತ್ರದವರಿಗೆ ಇದನ್ನು ಹೇಳುವಾಗ ಸ್ವಲ್ಪ ಸಂಕೋಚವಾಗುತ್ತದೆ.

24 ಸೆಕ್ಟರುಗಳನ್ನು, ಅಂದರೆ ಡಿಸ್ಕಿನ ಪುಟ್ಟ ತುಂಡುಗಳನ್ನು, ಓದಲಾಗದೆ ಡಿಸ್ಕ್ ಅನುಮಾನದ ಪಟ್ಟಿಗೆ ಹಾಕಿದೆ. ಅಂಥ ಜಾಗ ಸಿಕ್ಕಾಗಲೆಲ್ಲ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಒಂದೊಂದಕ್ಕೆ ಸೆಕೆಂಡುಗಟ್ಟಲೆ ಹೋಗುತ್ತದೆ. ಆಗೆಲ್ಲ ಇಡೀ ಯಂತ್ರ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ನಿಮ್ಮ ನಿಧಾನದಲ್ಲಿ ವಯಸ್ಸಿನದ್ದು ಒಂದು ಪಾಲಾದರೆ ಇದರದ್ದು ಇನ್ನೊಂದು ಪಾಲು.

ಹಾಗಾಗಿ ಉಳಿದದ್ದೆಲ್ಲ ಬದಿಗಿಡಿ. ಡಿಫ್ರ್ಯಾಗ್ ಬೇಡ, ಚೆಕ್‌ಡಿಸ್ಕ್ ಬೇಡ. ಅವೆರಡೂ ಸಾಯುತ್ತಿರುವ ಡಿಸ್ಕನ್ನು ಓಡಿಸಿ ಓಡಿಸಿ ಕೊಲ್ಲುತ್ತವೆ. ಇವತ್ತೇ ಹೊರಗಿನ ಡ್ರೈವಿಗೆ ಫೈಲುಗಳನ್ನು ತೆಗೆಯಿರಿ, ಕಳೆದುಕೊಂಡರೆ ಅಳು ಬರುವಂಥವು ಮೊದಲು. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಬೇಡಿ, ಒಂದೊಂದು ಫೋಲ್ಡರ್ ಮಾಡಿ. ಒಂದು ಫೈಲಿಗೆ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದೆ ಹೋಗಿ.

32 ಬಿಟ್ ಅಂದದ್ದರಿಂದ ಇನ್ನೊಂದು ನಿರ್ಧಾರವೂ ಸುಲಭವಾಯಿತು. ಆ ವಿಂಡೋಸಿಗೆ 4 ಜಿಬಿಯ ಆಚೆ ಕಣ್ಣೇ ಇಲ್ಲ. ಆ ನಾಲ್ಕರೊಳಗಿನ ವಿಳಾಸಗಳಲ್ಲೂ ಯಂತ್ರಾಂಶಕ್ಕೆ ಪಾಲು ಹೋಗುತ್ತದೆ, ಕೈಗೆ ಸಿಗುವುದು ಮೂರು ಚಿಲ್ಲರೆ, ಕೆಲವು ಬೋರ್ಡುಗಳಲ್ಲಿ ಅದಕ್ಕಿಂತಲೂ ಕಡಿಮೆ. 32ರಿಂದ 64ಕ್ಕೆ ಮೇಲಿಂದ ಮೇಲೆ ಹಾಕಿಕೊಳ್ಳಲು ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು. ಆದ್ದರಿಂದ ಹಳೇ ಡಿಸ್ಕನ್ನು ಹೊಸದಕ್ಕೆ ಕ್ಲೋನ್ ಮಾಡುವ ರಗಳೆ ಬೇಡ. ಕೆಟ್ಟ ಸೆಕ್ಟರಿರುವ ಡಿಸ್ಕನ್ನು ಕ್ಲೋನ್ ಮಾಡುವುದು ಹೇಗೂ ತಲೆನೋವು.

ಮತ್ತೆ ಬಿಚ್ಚುವಾಗ ಬ್ಯಾಟರಿಯ ಕನೆಕ್ಟರ್ ಮೊದಲು ಕಳಚಿ, ಆಮೇಲೆ ಪವರ್ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ನಿನ್ನೆ ರಾತ್ರಿ ಇದನ್ನು ಮಾಡಿದ್ದಿರೋ ಇಲ್ಲವೋ ಅಂತ ನಾನು ಕೇಳುವುದಿಲ್ಲ. ರ‍್ಯಾಮನ್ನು 30 ಡಿಗ್ರಿ ಓರೆಯಲ್ಲಿ ಹೊಳೆಯುವ ಅಂಚು ಪೂರ್ತಿ ಒಳಗೆ ಹೋಗುವಷ್ಟು ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕೊಕ್ಕೆ ಟಕ್ ಅನ್ನಬೇಕು. ಅರ್ಧ ಕೂತ ರ‍್ಯಾಮಿಗೂ ಕೆಟ್ಟ ರ‍್ಯಾಮಿಗೂ ಹೊರಗಿನಿಂದ ವ್ಯತ್ಯಾಸವೇ ಗೊತ್ತಾಗದು. ಸ್ಕ್ರೂ ಅಂಟಿಸಿಟ್ಟಿದ್ದು ಬಹಳ ಒಳ್ಳೆಯದಾಯಿತು. ಉದ್ದದ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ತೂತಿಗೆ ಹಾಕಿ ಬಿಗಿದರೆ ಕೀಬೋರ್ಡ್ ಕಡೆಯಿಂದ ಮೊಡವೆ ಎದ್ದ ಹಾಗೆ ಪ್ಲಾಸ್ಟಿಕ್ ಉಬ್ಬುತ್ತದೆ.


ಪೆಂಗ್ವಿನ್‌ಪ್ರಿಯ:

ಹೊಸದಾಗಿ ಹಾಕುವುದು ಅಂತ ತೀರ್ಮಾನವಾದ ಮೇಲೆ ನಾನು ಬಾಯಿ ಬಿಡಬಹುದು ಅಂದುಕೊಳ್ಳುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಒಪ್ಪಿಗೆಯಾದ ಪ್ರೊಸೆಸರುಗಳ ಪಟ್ಟಿಯಲ್ಲಿ ಎನ್2840 ಇಲ್ಲ, ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಕೂಡ ಬೇಕು. ಲೆಕ್ಕಪತ್ರದ ಕೆಲಸ, ಬ್ಯಾಂಕಿನ ಪುಟ ತೆರೆಯುವ ಯಂತ್ರ. ತೂತು ಮುಚ್ಚುವವರಿಲ್ಲದ ತಂತ್ರಾಂಶದಲ್ಲಿ ಅದನ್ನೆಲ್ಲ ಮಾಡುವುದು ಬೇಡ.

ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟಿನ ಹಗುರಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಮಿಂಟಿಗೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಇದ್ದರೆ ನೆಮ್ಮದಿ. ಡಿಸ್ಕಿನಲ್ಲಿ 20 ಜಿಬಿ ಕನಿಷ್ಠ. ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ ಒಂದು ಸಂಜೆ ಓಡಿಸಿ ನೋಡಬಹುದು, ವೈಫೈ, ಶಬ್ದ, ಟಚ್‌ಪ್ಯಾಡ್ ಎಲ್ಲ ಸರಿ ಇದೆಯೋ ಅಂತ. ಬಯೋಸ್‌ನಲ್ಲಿ ಸಾಟಾ ಎಎಚ್‌ಸಿಐ ಮೋಡಿನಲ್ಲಿರಲಿ.

ಈ ಪ್ರೊಸೆಸರ್ ಕುಟುಂಬಕ್ಕೆ, ಬೇ ಟ್ರೇಲ್ ಅಂತಾರೆ, ಒಂದು ಹಳೇ ಶನಿ ಇತ್ತು. ಹಳೆಯ ಲಿನಕ್ಸ್ ಕರ್ನಲ್‌ಗಳಲ್ಲಿ ಕೆಲಸವಿಲ್ಲದೆ ನಿದ್ದೆಗೆ ಜಾರುವಾಗ ಇಡೀ ಲ್ಯಾಪ್‌ಟಾಪ್ ಹೆಪ್ಪುಗಟ್ಟುತ್ತಿತ್ತು. ಈಗಿನ ಕರ್ನಲ್ ಹಾಕಿದರೆ ಬಹುಶಃ ನಿಮಗೆ ಅದರ ಮುಖವೂ ಕಾಣುವುದಿಲ್ಲ. ಕಂಡರೆ ಇಲ್ಲಿ ಹೇಳಿ. ಸಿ-ಸ್ಟೇಟನ್ನು, ಅಂದರೆ ಪ್ರೊಸೆಸರಿನ ನಿದ್ದೆಯ ಆಳವನ್ನು, 1ಕ್ಕೆ ಕಟ್ಟಿಹಾಕುವ ಒಂದು ಸಾಲು ಇದೆ, ಬ್ಯಾಟರಿ ಸ್ವಲ್ಪ ಬೇಗ ಮುಗಿಯುತ್ತದೆ, ಅಷ್ಟೇ.

ಎಸ್‌ಎಸ್‌ಡಿಗೆ ಬೇಕಾದ ಟ್ರಿಮ್ (ಅಳಿಸಿದ ಜಾಗ ಖಾಲಿ ಅಂತ ಅದಕ್ಕೆ ತಿಳಿಸುವ ಕೆಲಸ) ವಾರಕ್ಕೊಮ್ಮೆ ತಾನೇ ನಡೆಯುತ್ತದೆ, ಕೈಯಾಡಿಸಬೇಡಿ. ರ‍್ಯಾಮ್ 4 ಜಿಬಿಗೇ ನಿಲ್ಲುವುದಾದರೆ ಝಡ್‌ರ‍್ಯಾಮ್ ಹಾಕಿಕೊಳ್ಳಿ. ತುಂಬಿದಾಗ ಡಿಸ್ಕಿಗೆ ಎಸೆಯುವ ಬದಲು ರ‍್ಯಾಮಿನೊಳಗೇ ಒತ್ತಿ ಮಡಚಿಡುತ್ತದೆ. ಮಡಚುವ ಕೆಲಸ ಪ್ರೊಸೆಸರಿನದ್ದು, ನಿಮ್ಮದು ದುರ್ಬಲ, ಆದ್ದರಿಂದ ಹಗುರಾದ ಎಲ್‌ಝಡ್4 ವಿಧಾನ ಆರಿಸಿ.


ಸೊನ್ನೆಸ್ಲಾಟ್:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಸೆಲೆರಾನ್ ಎನ್4000, 4 ಜಿಬಿ ರ‍್ಯಾಮ್, ಡಿಸ್ಕಿನ ಬದಲು 64 ಜಿಬಿ ಇಎಂಎಂಸಿ ಸಂಗ್ರಹದ ಚಿಪ್. ಬಿಚ್ಚಿ ನೋಡಿದರೆ ಎರಡೂ ಬೋರ್ಡಿಗೇ ಅಂಟಿವೆ. ನನಗೇನೂ ದಾರಿಯಿಲ್ಲವೇ? ಮೆಮೊರಿ ಕಾರ್ಡ್ ಹಾಕಿ ಅದಕ್ಕೇ ವಿಂಡೋಸ್ ಹಾಕಿದರೆ?


ತಿರುಪುಮೊಳೆ:

ಕಾರ್ಡಿಗೆ ಫೋಟೊ, ಹಾಡು ಹಾಕಿ, ವಿಂಡೋಸ್ ಬೇಡ. ಚಿಲ್ಲರೆ ಬರಹಕ್ಕೆ ಕಾರ್ಡುಗಳು ನಿಧಾನ, ಬೇಗ ಸವೆಯುತ್ತವೆ. ಇಎಂಎಂಸಿ ಪಕ್ಕದಲ್ಲೋ ಬ್ಯಾಟರಿ ಬದಿಯಲ್ಲೋ ಪಟ್ಟಿಯಂಥ ಎಸ್‌ಎಸ್‌ಡಿ ಹಾಕುವ ಖಾಲಿ ಎಂ.2 ಸ್ಲಾಟ್ ಇದೆಯೇ ನೋಡಿ, ಇಂಥ ಬೋರ್ಡುಗಳಲ್ಲಿ ಕೆಲವಕ್ಕೆ ಕೊಟ್ಟಿರುತ್ತಾರೆ. ಇದ್ದರೆ ಅದು ಸಾಟಾದ್ದೋ ಎನ್‌ವಿಎಂಇಯದ್ದೋ ಅಂತ ಕೈಪಿಡಿಯಲ್ಲಿ ಖಚಿತ ಮಾಡಿಕೊಂಡು ಕೊಳ್ಳಿ, ಸ್ಲಾಟಿಗೆ ಕೂತ ಮಾತ್ರಕ್ಕೆ ನಡೆಯುತ್ತದೆ ಅಂತಿಲ್ಲ. ಕೆಲವು ಬೋರ್ಡುಗಳಲ್ಲಿ ಸ್ಲಾಟಿನ ಗುರುತು ಮಾತ್ರ ಇರುತ್ತದೆ, ಸ್ಲಾಟ್ ಇರುವುದಿಲ್ಲ, ಹೊಟ್ಟೆ ಉರಿಯುತ್ತದೆ. ರ‍್ಯಾಮಿಗೆ ದಾರಿಯಿಲ್ಲ. ಒಂದು ಸಮಾಧಾನ, ಎನ್4000 ವಿಂಡೋಸ್ 11ರ ಪಟ್ಟಿಯಲ್ಲಿದೆ. ಆದರೆ 64 ಜಿಬಿ ಅಂದರೆ ಅದರ ಕನಿಷ್ಠ ಬೇಡಿಕೆಗೇ ಸರಿಹೋಯಿತು, ಪ್ರತಿ ದೊಡ್ಡ ಅಪ್‌ಡೇಟಿಗೂ ಜಾಗ ಖಾಲಿ ಮಾಡಿಕೊಡುತ್ತಿರಬೇಕು.


ಮೌನಯಂತ್ರ:

ಹದಿನೆಂಟು ದಿನ ಆಯಿತು. ನಿಜವಾದ ಹದಿನೆಂಟು.

ಮೊದಲು ಫೈಲುಗಳು. ಮೂರು ರಾತ್ರಿ ಹಿಡಿಯಿತು. ಹೆಚ್ಚುಕಡಿಮೆ ಎಲ್ಲ ಬಂತು. 2017ರ ಒಂದು ಲೆಕ್ಕದ ಹಾಳೆ, ಮಗು ಹುಟ್ಟಿದ ವಾರದ ಮೂರು ಫೋಟೊ ಬರಲಿಲ್ಲ. ಲೆಕ್ಕದ ಹಾಳೆಯ ಮುದ್ರಿತ ಪ್ರತಿ ಕಡತದಲ್ಲಿತ್ತು. ಫೋಟೊಗಳಲ್ಲಿ ಎರಡು ಗಂಡನ ಫೋನಿನಲ್ಲಿ ಸಿಕ್ಕವು, ಒಂದು ಹೋದದ್ದೇ. ಹಳೇ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಇನ್ನೊಂದು ಸಲ ಯತ್ನಿಸಿದೆ. ಆಫೀಸಿನ ಲ್ಯಾಪ್‌ಟಾಪಿನ ಹಳೇ ಪೋರ್ಟಿನಲ್ಲಿ ಕಿಟಕ್ ಕಿಟಕ್ ಅಂದು ನಿಂತಿತು, ಹೆಚ್ಚು ವಿದ್ಯುತ್ ಕೊಡುವ ನೀಲಿ ಪೋರ್ಟಿನಲ್ಲಿ ತಿರುಗಿತು, ಆ ಫೋಟೊ ಮಾತ್ರ ಆಗಲೂ ತೆರೆಯಲಿಲ್ಲ.

ಎಸ್‌ಎಸ್‌ಡಿ ಬೇಗ ಬಂತು, ರ‍್ಯಾಮ್ ಒಂದು ವಾರ ತಡವಾಯಿತು. ಅದರಿಂದ ಒಳ್ಳೆಯದೇ ಆಯಿತು, ಯಾವುದರಿಂದ ಏನಾಯಿತು ಅಂತ ಬೇರೆ ಬೇರೆ ಬರೆದಿಡಲು ಅವಕಾಶ ಸಿಕ್ಕಿತು. ಹೊಸ ಎಸ್‌ಎಸ್‌ಡಿ, ಮಿಂಟ್, ಹಳೇ 2 ಜಿಬಿ ಇದ್ದಾಗ: ಪಾಸ್‌ವರ್ಡಿಗೆ 48 ಸೆಕೆಂಡ್, ಬ್ರೌಸರಿನ ಮೊದಲ ಪುಟಕ್ಕೆ ಒಟ್ಟು 1 ನಿಮಿಷ 15. ಮೂರನೇ ಟ್ಯಾಬಿಗೆ ಮೌಸ್ ನಿಲ್ಲಲಿಲ್ಲ, ಐದನೆಯದಕ್ಕೆ ತೊದಲಿತು. ಆಮೇಲೆ ರ‍್ಯಾಮ್ ಬಂತು. 8 ಜಿಬಿಯದ್ದೇ ತರಿಸಿದೆ, ಎರಡೂ ಬದಿಗೆ ಎಂಟೆಂಟು ಚಿಪ್ ಎಣಿಸಿ, ಪಿಸಿ3ಎಲ್‌ನ 'ಎಲ್' ಮೇಲೆ ಬೆರಳಿಟ್ಟು ನೋಡಿ. ಕೈಪಿಡಿಯಲ್ಲಿ 4 ಅಂತಲೇ ಇದೆ. ಹಾಕಿ ಗುಂಡಿ ಒತ್ತಿದರೆ ಮತ್ತೆ ಕಪ್ಪು ಪರದೆ! ಕಳಚಲು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಿದ್ದೆ, ಅಷ್ಟರಲ್ಲಿ, ಸುಮಾರು ಒಂದು ನಿಮಿಷದ ಮೇಲೆ, ಬೆಳಕು ಬಂತು. ಎರಡನೇ ಸಲದಿಂದ ಹಾಗೆ ಕಾಯಿಸಲಿಲ್ಲ. ಅದಕ್ಕೇನು ಕಾರಣ, ಯಾರಾದರೂ ಹೇಳಿ.

8 ಜಿಬಿ ಹಾಕಿದ ಮೇಲೆ ಪಾಸ್‌ವರ್ಡಿಗೆ 45 ಸೆಕೆಂಡ್. ಅಂದರೆ ಬೂಟ್ ಆಗುವುದರಲ್ಲಿ ರ‍್ಯಾಮಿನಿಂದ ಮೂರೇ ಸೆಕೆಂಡಿನ ಲಾಭ. ಆದರೆ ಹನ್ನೆರಡು ಟ್ಯಾಬ್, ಎರಡು ದೊಡ್ಡ ಲೆಕ್ಕದ ಹಾಳೆ ಒಟ್ಟಿಗೆ ತೆರೆದು ಓಡಾಡಿದೆ, ಸ್ವಾಪ್ (ಲಿನಕ್ಸಿನ ಪೇಜ್ ಫೈಲ್) ಅನ್ನುವ ಸಾಲಿನಲ್ಲಿ ಸೊನ್ನೆ. ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಿಸಿದೆ, ಬೆಳಗ್ಗೆ ತಪ್ಪು ಒಂದೂ ಇರಲಿಲ್ಲ.

240 ಜಿಬಿ ಎಸ್‌ಎಸ್‌ಡಿ 223 ಅಂತ ತೋರಿಸಿದಾಗ 17 ಜಿಬಿ ಯಾರು ಹೊಡೆದರು ಅಂತ ಅರ್ಧ ಗಂಟೆ ಹುಡುಕಿದೆ. ಮಾರುವವರು ಸಾವಿರದ ಲೆಕ್ಕದಲ್ಲಿ ಬರೆಯುತ್ತಾರೆ, ಯಂತ್ರ 1024ರ ಲೆಕ್ಕದಲ್ಲಿ ಎಣಿಸುತ್ತದೆ ಅಂತ ಗೊತ್ತಾಯಿತು. ನಮ್ಮ ಕಚೇರಿಯಲ್ಲಿ ಹೀಗೆ ಎರಡು ಲೆಕ್ಕ ಇಟ್ಟುಕೊಂಡರೆ ನೋಟಿಸ್ ಬರುತ್ತದೆ.


ತಿರುಪುಮೊಳೆ:

ಆ ಒಂದು ನಿಮಿಷ ಹೊಸ ರ‍್ಯಾಮಿನ ಪರಿಚಯಕ್ಕೆ ಹೋದದ್ದು. ಯಾವ ಸಮಯಕ್ಕೆ ಏನು ಕೇಳಿದರೆ ಸರಿಯಾದ ಉತ್ತರ ಬರುತ್ತದೆ ಅಂತ ಬೋರ್ಡ್ ಮೊದಲ ಸಲ ಹೊಂದಿಸಿಕೊಳ್ಳುತ್ತದೆ, ಹೊಂದಿಸಿದ್ದನ್ನು ಉಳಿಸಿಟ್ಟುಕೊಳ್ಳುತ್ತದೆ. ಮೊದಲೇ ಹೇಳಬೇಕಿತ್ತು, ಮರೆತೆ. ವಿಡಿಯೊ ಹೇಗೆ ಓಡುತ್ತಿದೆ?


ಮೌನಯಂತ್ರ:

ಅಲ್ಲಿ ಹುಲಿಯವರ ಎತ್ತು ಕಂಡಿತು. 1080ರ ವಿಡಿಯೊ ಹಾಕಿದರೆ ಎರಡೂ ಕೋರ್ 100%, ಚಿತ್ರ ಕುಂಟುತ್ತದೆ. 720ರಲ್ಲಿ ಪರವಾಗಿಲ್ಲ.


ಪೆಂಗ್ವಿನ್‌ಪ್ರಿಯ:

ವಿಡಿಯೊ ತಾಣಗಳು ಈಗ ಹೆಚ್ಚಾಗಿ ವಿಪಿ9 ರೂಪದಲ್ಲಿ ಕಳಿಸುತ್ತವೆ. ಬೇ ಟ್ರೇಲಿನ ಗ್ರಾಫಿಕ್ಸಿಗೆ ಅದನ್ನು ಬಿಚ್ಚುವ ಯಂತ್ರಾಂಶ ಇಲ್ಲ, ಪ್ರೊಸೆಸರೇ ಬಿಚ್ಚಬೇಕು. ಎಚ್.264 ಬಿಚ್ಚುವ ಯಂತ್ರಾಂಶ ಇದೆ. ಅದನ್ನೇ ಕೊಡಿ ಅಂತ ತಾಣಕ್ಕೆ ಹೇಳುವ ಎಚ್264ಇಫೈ ಅನ್ನುವ ಪುಟ್ಟ ಬ್ರೌಸರ್ ಎಕ್ಸ್‌ಟೆನ್ಷನ್ ಇದೆ, ಹಾಕಿ ನೋಡಿ.


ಹಳೇಹುಲಿ:

ಎತ್ತು ಬಡಕಲೇ, ನನ್ನ ಮಾತು ನಾನು ಬಿಡುವುದಿಲ್ಲ. ಆದರೆ ನಮ್ಮ ಅಟ್ಟದ ಮೇಲೂ ಎನ್2840ದ್ದೇ ಒಂದಿದೆ. ಆ ರಬ್ಬರ್ ಕಾಲಿನ ಕೆಳಗಿನ ಸ್ಕ್ರೂ ಯಾವ ಕಡೆಯದು ಮೇಡಂ, ಎಡವೋ ಬಲವೋ?


ಮೌನಯಂತ್ರ:

ಎಕ್ಸ್‌ಟೆನ್ಷನ್ ಹಾಕಿದೆ, 1080 ಈಗ ಕುಂಟುವುದಿಲ್ಲ, ಆಗೊಮ್ಮೆ ಈಗೊಮ್ಮೆ ಎಡವುತ್ತದೆ. ಸಾಕು ನನಗೆ.

ಸರ್, ನನ್ನದರಲ್ಲಿ ಪರದೆಯ ಕೀಲು ನಮ್ಮಿಂದ ಆಚೆ ಇರುವಂತೆ ತಳ ಮೇಲೆ ಮಾಡಿದರೆ, ಕೀಲಿನ ಬದಿಯ ಬಲಗಡೆ. ಕಾಲನ್ನು ಉಗುರಿನಿಂದ ಎಬ್ಬಿಸಿ, ಚಾಕುವಿನಿಂದ ಬೇಡ, ಮತ್ತೆ ಅಂಟಿಸಬೇಕು.

ಒಂದು ಹೊಸ ತೊಂದರೆ ಬೇರೆ. ಮೊದಲು ಹಾರ್ಡ್ ಡಿಸ್ಕಿನ ಕಿರಕಿರ ಕೇಳಿ ಯಂತ್ರ ಎದ್ದಿದೆ ಅಂತ ಗೊತ್ತಾಗುತ್ತಿತ್ತು. ಈಗ ಅದೂ ಇಲ್ಲ. ನಿನ್ನೆ ಕತ್ತಲಲ್ಲಿ ಗುಂಡಿ ಒತ್ತಿದೆ, ಏನೂ ಕೇಳಿಸಲಿಲ್ಲ, ಒತ್ತಿಲ್ಲವೇನೋ ಅಂದುಕೊಂಡು ಇನ್ನೊಮ್ಮೆ ಒತ್ತಿ ಆರಿಸಿಬಿಟ್ಟೆ.